ಲಾಯರ್ ನೋಟಿಸ್ ತಂದ ಆ ಒಂದು ಸಾಲು

ಊರಿನ ಪೇಪರ್ ನಿಲ್ಲಿಸಿ ಅಂತ ಬಡಾವಣೆಯವರಿಗೆ ಕರೆ ಕೊಟ್ಟಿದ್ದಕ್ಕೆ ಲಾಯರ್ ನೋಟಿಸ್ ಬಂದಿದೆ, ಕ್ಷಮೆ ಕೇಳಲಾ, ಕೋರ್ಟಿಗೆ ಹೋಗಲಾ ಅಂತ ಕೇಳಿದ್ದೀರಿ. 2022ರಲ್ಲಿ ನಾನೂ ಇಂಥದ್ದೇ ರಿಜಿಸ್ಟರ್ಡ್ ಪೋಸ್ಟ್‌ಗೆ ಸಹಿ ಹಾಕಿ, ಹೊಸ್ತಿಲ ಮೇಲೇ ಕೂತುಬಿಟ್ಟಿದ್ದೆ.

ನಾನು ಮನೆಪಾಠ ಹೇಳುವವಳು. ಎಸ್ಸೆಸ್ಸೆಲ್ಸಿವರೆಗೆ ನನ್ನ ಹತ್ತಿರ ಕಲಿತ ಹುಡುಗಿ ಸೆಕೆಂಡ್ ಪಿಯುಸಿಯಲ್ಲಿದ್ದಾಗ ಆತ್ಮಹತ್ಯೆ ಮಾಡಿಕೊಂಡಳು. ಮಾರನೇ ದಿನ ನಮ್ಮ ಜಿಲ್ಲೆಯ ಒಂದು ಪೇಪರ್ ಅವಳ ಫೋಟೋ, ಮನೆಯ ರಸ್ತೆ ಎಲ್ಲ ಮುಖಪುಟಕ್ಕೆ ಹಾಕಿ, ಮೇಲೆ ‘ಪ್ರೇಮ ಪ್ರಕರಣವೇ?’ ಅಂತ ದಪ್ಪಕ್ಷರದಲ್ಲಿ ಬರೆಯಿತು. ಆತ್ಮಹತ್ಯೆಯ ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು, ಫೋಟೋ ಬಳಸಬಾರದು ಎಂಬ ಮಾರ್ಗಸೂಚಿಯನ್ನು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಒಪ್ಪಿಕೊಂಡಿತ್ತು. ಅದು ನಮಗೆ ಆಗ ಗೊತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಅಷ್ಟೇ.

ಮೂರು ರಸ್ತೆಯವರು ಸೇರಿದೆವು. ಏಜೆಂಟ್‌ಗೆ ತಿಂಗಳ ಬಿಲ್ ಚುಕ್ತಾ ಮಾಡಿ, ನಾಳೆಯಿಂದ ಹಾಕಬೇಡಪ್ಪಾ ಅಂದೆವು. ಪೇಪರ್ ಹಾಕುವ ಹುಡುಗನಿಗೆ ನಷ್ಟ ಆಗಬಾರದು ಅಂತ ಬೇರೆ ಪೇಪರನ್ನು ಅವನಿಂದಲೇ ಹಾಕಿಸಿಕೊಂಡೆವು. ಹಬ್ಬದ ಶುಭಾಶಯದ ಜಾಹೀರಾತು ಅವರಿಗೆ ಕೊಡಬೇಡಿ ಅಂತ ಅಂಗಡಿಯವರನ್ನು ಕೇಳಿಕೊಂಡೆವು. ಇದರಲ್ಲಿ ಯಾವುದೂ ತಪ್ಪಲ್ಲ. ನಮ್ಮ ದುಡ್ಡು, ನಮ್ಮ ಮನೆ ಬಾಗಿಲು.

ತಪ್ಪು ಮಾಡಿದವಳು ನಾನು. ವಾಟ್ಸ್ಯಾಪ್‌ನಲ್ಲಿ ಹೋದ ಬಹಿಷ್ಕಾರದ ಕರೆಯನ್ನು ನಾನೇ ಬರೆದಿದ್ದು. ‘ಮಗುವಿನ ಸಾವನ್ನು ಮಾರಾಟಕ್ಕಿಟ್ಟ ಈ ಪೇಪರನ್ನು ನಾವು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ.’ ಇಲ್ಲಿಗೆ ನಿಲ್ಲಿಸಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಇನ್ನೊಂದು ಸಾಲು ಸೇರಿಸಿದೆ: ‘ಕಾಲೇಜಿನವರ ಹತ್ತಿರ ದುಡ್ಡು ತಗೊಂಡು ಬರೆದ ರೋಲ್‌ಕಾಲ್ ಪೇಪರ್ ಇದು.’

ಈ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಅವರು ಅಚ್ಚು ಹಾಕಿದ್ದರ ಬಗ್ಗೆ ನನ್ನ ಅಭಿಪ್ರಾಯ. ಆ ಪೇಪರ್ ಎಲ್ಲರ ಕೈಯಲ್ಲೂ ಇತ್ತು, ಯಾರು ಬೇಕಾದರೂ ಓದಿ ನನ್ನ ಮಾತು ಸರಿಯೋ ಅಲ್ಲವೋ ಹೇಳಬಹುದಿತ್ತು. ಎರಡನೆಯದು ಹಾಗಲ್ಲ. ಯಾರೋ ದುಡ್ಡು ಕೊಟ್ಟರು, ಇವರು ಇಸ್ಕೊಂಡರು ಅಂತ ಒಂದು ಘಟನೆಯನ್ನೇ ಅದು ಹೇಳುತ್ತದೆ. ಯಾರು ಕೊಟ್ಟರು, ಎಷ್ಟು, ಕಂಡವರು ಯಾರು? ಸಾವಿನ ಮನೆಯಲ್ಲಿ ಒಬ್ಬರು ಹೇಳಿದ್ದನ್ನು ಕೇಳಿದ್ದೆ, ಅಷ್ಟೇ. ಆಮೇಲೆ ಅವರು ನಾನು ಹಾಗೆ ಹೇಳೇ ಇಲ್ಲ ಅಂದರು. ‘ತಗೊಂಡರಂತೆ’ ಅಂತ ಬರೆದಿದ್ದರೆ ಬಚಾವಾಗುತ್ತಿದ್ದೆನಾ ಅಂತ ನನ್ನ ಲಾಯರನ್ನು ಕೇಳಿದೆ. ಗಾಳಿಮಾತನ್ನು ದಾಟಿಸಿದವರೂ ಹೊಣೆಗಾರರೇ, ‘ಅಂತೆ’ ಸೇರಿಸಿದರೂ ಉಳಿಗಾಲವಿಲ್ಲ ಅಂದರು.

ನೋಟಿಸ್‌ನಲ್ಲಿ 50 ಲಕ್ಷ ಕೇಳಿದ್ದರು. ಏಳು ದಿನದಲ್ಲಿ ಬೇಷರತ್ ಕ್ಷಮೆ, ಇಲ್ಲದಿದ್ದರೆ ಕ್ರಿಮಿನಲ್ ಕೇಸು. ಪಾಠಕ್ಕೆ ಬರುವ ಮಕ್ಕಳ ಅಪ್ಪ ಅಮ್ಮಂದಿರಿಗೂ ಸುದ್ದಿ ಹೋಯಿತು. ಆ ಒಂದು ಸಾಲಿಗೆ ಸಾಕ್ಷಿ ಇಲ್ಲದ್ದರಿಂದ ವಿಷಾದ ಪತ್ರ ಬರೆದುಕೊಟ್ಟೆ. ಅವರು ಅದನ್ನು ಬಾಕ್ಸ್ ಕಟ್ಟಿ ‘ಬಹಿಷ್ಕಾರಕ್ಕೆ ಕರೆ ಕೊಟ್ಟವರಿಂದ ಕ್ಷಮೆ’ ಅಂತ ಹಾಕಿದರು. ಓದಿದವರಿಗೆ ನಾವು ಹೇಳಿದ್ದೆಲ್ಲ ಸುಳ್ಳು ಅನಿಸಿತು. ಹುಡುಗಿಯ ತಾಯಿ ಬಂದು, ‘ಟೀಚರ್, ಹಾಗಾದರೆ ಪೇಪರಲ್ಲಿ ಬಂದಿದ್ದೇ ನಿಜವಾ ಅಂತ ಜನ ಕೇಳ್ತಿದ್ದಾರೆ’ ಅಂದರು. ನನಗೆ ಬಾಯಿ ಬರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಷಮೆಯೂ ಬೇಡ, ಕೋರ್ಟೂ ಬೇಡ. ಮೊದಲು ನೀವು ಬರೆದಿದ್ದನ್ನು ಸಾಲು ಸಾಲಾಗಿ ಓದಿ. ಸಾಕ್ಷಿ ಇಲ್ಲದ ಆರೋಪ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಲಾಯರನ್ನು ಕೇಳಿ ಅಷ್ಟನ್ನು ಮಾತ್ರ ಹಿಂತೆಗೆದುಕೊಳ್ಳಿ. ಹಿಂತೆಗೆದುಕೊಂಡಿದ್ದು ಆ ಸಾಲನ್ನು, ಬಹಿಷ್ಕಾರವನ್ನಲ್ಲ ಅಂತ ಉತ್ತರದಲ್ಲೇ ಬರೆಸಿ. ನಾನು ಬರೆಸಲಿಲ್ಲ. ಅಂಥ ಆರೋಪವೇ ಇಲ್ಲದಿದ್ದರೆ ಒಂದಕ್ಷರವನ್ನೂ ಅಳಿಸಬೇಡಿ.

ನೋಟಿಸ್ ಅಂದರೆ ಸಮನ್ಸ್ ಅಲ್ಲ. ನೋಟಿಸ್‌ನಲ್ಲಿ ಕೋಟಿ ಬರೆಯುವುದಕ್ಕೆ ಖರ್ಚಿಲ್ಲ, ಆದರೆ ದಾವೆ ಹಾಕಬೇಕಾದರೆ ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಎರಡು ವರ್ಷದವರೆಗೆ ಶಿಕ್ಷೆ ಇದೆ, ನಿಜ. ಆದರೆ ಜಾಮೀನು ಸಿಗುತ್ತದೆ, ವಾರಂಟ್ ಇಲ್ಲದೆ ಪೊಲೀಸರು ಬಂಧಿಸುವ ಹಾಗಿಲ್ಲ. ಸಾರ್ವಜನಿಕ ಹಿತಕ್ಕೆ ಹೇಳಿದ ಸತ್ಯ ಮಾನನಷ್ಟವಲ್ಲ ಅಂತ ಅದೇ ಸೆಕ್ಷನ್ ಹೇಳುತ್ತದೆ.

ಇನ್ನೊಂದು ಮಾತು. ನಿಮ್ಮ ಸಿಟ್ಟು ಯಾವ ಸುದ್ದಿಯ ಮೇಲೋ ಅದರ ಬಗ್ಗೆ ಇವತ್ತೇ ಸಂಪಾದಕರಿಗೆ ಪತ್ರ ಬರೆಯಿರಿ. ಸರಿಯಾದ ಉತ್ತರ ಬರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ಕೊಡಬೇಕು. ನನಗೆ ಈ ವಿಷಯ ಗೊತ್ತಾಗುವ ಹೊತ್ತಿಗೆ ಮೂರನೇ ತಿಂಗಳು ನಡೆಯುತ್ತಿತ್ತು.