ವಾಹನ ಪ್ರಶ್ನೋತ್ತರ: ಥ್ರಾಟಲ್ ಸೆನ್ಸರ್ ಬದಲಿಸುವ ಮುಂಚೆ ಮೀಟರ್ ಹಿಡಿಯಿರಿ

ಪ್ರಶ್ನೆ: ತೋಟದ ಕೆಲಸಕ್ಕೆ ಹಳೆಯ ಎಂಪಿಎಫ್‌ಐ (ಇಂಜೆಕ್ಟರ್ ಎಂಜಿನ್) ಜಿಪ್ಸಿ ಇದೆ. ಫಸ್ಟ್, ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿಕೊಂಡು ಏರು ಹತ್ತುವಾಗ ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ. ಜೋರಾಗಿ ಒತ್ತಿದರೆ ತೊಂದರೆ ಇಲ್ಲ. ಥ್ರಾಟಲ್ ಪೊಸಿಷನ್ ಸೆನ್ಸರ್ ಬದಲಿಸಿ ಎನ್ನುತ್ತಿದ್ದಾರೆ. ಮನೆಯಲ್ಲೇ ಪರೀಕ್ಷಿಸಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಖಂಡಿತ. ಒಂದು ಮಲ್ಟಿಮೀಟರ್, ಎರಡು ಗುಂಡುಸೂಜಿ, ಆಕ್ಸಿಲರೇಟರ್ ಒತ್ತಲು ಒಬ್ಬರು ಇದ್ದರೆ ಸಾಕು.

ಎಂಜಿನ್ನಿಗೆ ಗಾಳಿ ಹೋಗುವ ಥ್ರಾಟಲ್ ಬಾಡಿಯ ಒಂದು ಪಕ್ಕದಲ್ಲಿ, ಆಕ್ಸಿಲರೇಟರ್ ಒತ್ತಿದಂತೆ ಗಾಳಿಯ ದಾರಿ ತೆರೆಯುವ ಪ್ಲೇಟಿನ ಶಾಫ್ಟ್ ತುದಿಗೆ ಕೂತಿರುವ ಕಪ್ಪು ಪ್ಲಾಸ್ಟಿಕ್ ಭಾಗವೇ ಈ ಸೆನ್ಸರ್. ಒಳಗಿರುವುದು ಹಳೆಯ ರೇಡಿಯೋದ ವಾಲ್ಯೂಮ್ ಕಂಟ್ರೋಲಿನಂಥದ್ದೇ: ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಒಂದು ಸಣ್ಣ ಲೋಹದ ಕೈ. ವೈರು ಮೂರು. ಒಂದರಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೊಡುವ 5 ವೋಲ್ಟ್, ಒಂದು ಅರ್ಥ್, ಇನ್ನೊಂದು ಸಿಗ್ನಲ್. ತೋಟದ ಗಾಡಿಯ ಆಯುಷ್ಯವೆಲ್ಲ ಅರೆಬರೆ ಒತ್ತಿದ ಆಕ್ಸಿಲರೇಟರಿನಲ್ಲೇ ಕಳೆಯುವುದರಿಂದ ಪಟ್ಟಿಯ ಆ ಒಂದು ತುಂಡು ಮಾತ್ರ ಸವೆಯುತ್ತದೆ. ಕೈ ಅಲ್ಲಿಗೆ ಬಂದಾಗ ಸಿಗ್ನಲ್ ಕ್ಷಣಮಾತ್ರ ಬಿದ್ದು ಏಳುತ್ತದೆ. ಬಿದ್ದಾಗ ಚಾಲಕ ಕಾಲು ತೆಗೆದನೆಂದು ತಿಳಿದು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ, ಎದ್ದಾಗ ಹೆಚ್ಚು ಸುರಿಯುತ್ತದೆ. ನಿಮ್ಮ ಗಾಡಿಯ ಲಕ್ಷಣ ಇದಕ್ಕೆ ಹೊಂದುತ್ತದೆ, ಆದರೆ ಹಳೆಯ ಪ್ಲಗ್ ವೈರ್ ಇದ್ದರೂ ಗಾಡಿ ಹೀಗೇ ಜಗ್ಗುವುದುಂಟು. ಅಳೆಯದೆ ದುಡ್ಡು ಕೊಡಬೇಡಿ.

ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಮಾಡಿ. ಸೆನ್ಸರಿಗೆ ವೈರು ಸೇರಿಸುವ ಕಪ್ಲರ್ ಕಳಚಬೇಡಿ. ಅದರ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ, ರಬ್ಬರ್ ಸೀಲ್ ಹರಿಯದಂತೆ ಗುಂಡುಸೂಜಿ ತೂರಿಸಿ. ಸೂಜಿಗಳು ಒಂದಕ್ಕೊಂದು ತಾಗಕೂಡದು, ತಾಗಿದರೆ 5 ವೋಲ್ಟ್ ಲೈನ್ ಶಾರ್ಟ್ ಆಗುತ್ತದೆ. ಮೀಟರಿನ ಕಪ್ಪು ವೈರನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಮೂರನ್ನೂ ಒಂದೊಂದಾಗಿ ನೋಡಿ. ಒಂದರಲ್ಲಿ 4.8ರಿಂದ 5.2 ವೋಲ್ಟ್ ಸಿಗಬೇಕು. ಅರ್ಥ್ ವೈರಿನಲ್ಲಿ 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದ್ದರೂ ದೋಷ ಹೆಚ್ಚಾಗಿ ವೈರಿಂಗಿನದ್ದು, ಅದನ್ನು ನೋಡದೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ.

ಇವು ಸರಿಯಿದ್ದರೆ ಸಿಗ್ನಲ್ ವೈರಿಗೆ ಬನ್ನಿ. ಪ್ಲೇಟ್ ಮುಚ್ಚಿದ್ದಾಗ ಹೆಚ್ಚಿನ ಗಾಡಿಗಳಲ್ಲಿ 0.4ರಿಂದ 0.9, ಪೂರ್ತಿ ತೆರೆದಾಗ 3.5ರಿಂದ 4.7 ವೋಲ್ಟ್. ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದೇ ಸರಿ. ಈ ಎರಡು ತುದಿ ನೋಡಿ ಮೀಟರ್ ಎತ್ತಿಡುವವರೇ ಜಾಸ್ತಿ, ಆದರೆ ರೋಗ ಇರುವುದು ನಡುವೆ. ಆಕ್ಸಿಲರೇಟರನ್ನು ಹತ್ತು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಒತ್ತಿಸಿ, ಅಷ್ಟೇ ನಿಧಾನವಾಗಿ ಬಿಡಿಸಿ. ಅಂಕಿ ಒಂದೇ ಸಮನೆ ಏರಿ, ಒಂದೇ ಸಮನೆ ಇಳಿಯಬೇಕು. ಡಿಜಿಟಲ್ ಮೀಟರ್ ಸರಾಸರಿ ತೋರಿಸುವುದರಿಂದ ಕ್ಷಣದ ಕುಸಿತ ತಪ್ಪಿಹೋಗಬಹುದು. ಈ ಒಂದು ಕೆಲಸಕ್ಕೆ ಮುಳ್ಳಿನ ಹಳೆಯ ಮೀಟರೇ ಮೇಲು. ಮೊದಲ ಕಾಲುಭಾಗದಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಮಾಡಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರನ್ನು ಮೆತ್ತಗೆ ತಟ್ಟಿ. ಮುಳ್ಳು ಬೆಚ್ಚಿದರೆ ಪಟ್ಟಿ ಸವೆದಿದೆ. ಇದಕ್ಕೆ ರಿಪೇರಿ ಇಲ್ಲ, ಹೊಸದೇ ಆಗಬೇಕು. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಜಗ್ಗುವುದಾದರೆ ಪರೀಕ್ಷೆಯನ್ನೂ ಬಿಸಿ ಎಂಜಿನ್ನಿನಲ್ಲೇ ಮಾಡಿ.

ಇನ್ನೊಂದು ವಿಷಯ. ಕೈಯಲ್ಲಿ ಪ್ಲೇಟ್ ತಿರುಗಿಸಿದಾಗ 4.2 ವೋಲ್ಟ್ ಬಂದು, ಒಳಗೆ ಕೂತು ಒತ್ತಿದಾಗ 3.5 ದಾಟದಿದ್ದರೆ ಸೆನ್ಸರನ್ನು ಬೈಯಬೇಡಿ. ಕೇಬಲ್ ಸಡಿಲವಾಗಿರುತ್ತದೆ, ಇಲ್ಲವೇ ಪೆಡಲ್ ಕೆಳಗೆ ಮ್ಯಾಟು, ಒಣಗಿದ ಕೆಸರು ಸೇರಿರುತ್ತದೆ.

ಪ್ರಶ್ನೆ: ಹೊಸ ಸೆನ್ಸರ್ ಹಾಕಿಸಿದ ಮೇಲೆ ಐಡ್ಲಿಂಗ್ 1,500 ಆರ್‌ಪಿಎಂಗೆ ಏರಿದೆ. ಸಂಪಾಜೆ ಘಾಟಿ ಇಳಿಯುವಾಗ ಕಾಲು ತೆಗೆದರೂ ಎಂಜಿನ್ ಹಿಡಿಯುವುದಿಲ್ಲ. ಥ್ರಾಟಲ್ ಸ್ಕ್ರೂ ತಿರುಗಿಸಿದರೆ ಆಗುತ್ತದೆಯೇ?
– ಓದುಗರು, ಮಡಿಕೇರಿ

ಉತ್ತರ: ಆ ಸ್ಕ್ರೂ ಮುಟ್ಟಬೇಡಿ. ಪ್ಲೇಟ್ ಬೋರಿಗೆ (ಗಾಳಿ ಕೊಳವೆಯ ಒಳಗೋಡೆಗೆ) ಕಚ್ಚಿಕೊಳ್ಳದಂತೆ ಫ್ಯಾಕ್ಟರಿಯಲ್ಲಿ ಹೊಂದಿಸಿ ಬಣ್ಣ ಹಚ್ಚಿ ಕಳಿಸಿದ ಸ್ಟಾಪ್ ಸ್ಕ್ರೂ ಅದು. ಐಡ್ಲಿಂಗ್ ತಗ್ಗಿಸಲು ಅದನ್ನು ತಿರುಗಿಸಿದವರು ಆಮೇಲೆ ಯಾವ ಅಳತೆಯನ್ನೂ ನಂಬುವಂತಿಲ್ಲ.

ನಿಮ್ಮ ಎರಡೂ ದೂರಿಗೆ ಒಂದೇ ಮೂಲ ಇರಬಹುದು. ಕಾಲು ತೆಗೆದಾಗ ಸಿಗ್ನಲ್ ಸಾಕಷ್ಟು ಕೆಳಗಿಳಿಯದಿದ್ದರೆ ಪ್ಲೇಟ್ ಮುಚ್ಚಿದೆಯೆಂದು ಇಸಿಯುಗೆ ತಿಳಿಯುವುದಿಲ್ಲ. ಆಗ ಐಡ್ಲಿಂಗಿನ ಗಾಳಿ ಹೊಂದಿಸುವ ಐಡಲ್ ವಾಲ್ವಿನ ಹಿಡಿತ ಅದಕ್ಕೆ ಸಿಗುವುದಿಲ್ಲ. ಇಳಿಜಾರಿನಲ್ಲಿ ಇಂಜೆಕ್ಟರ್ ಮುಚ್ಚಿ ಪೆಟ್ರೋಲ್ ಪೂರ್ತಿ ನಿಲ್ಲಿಸುವ ಕೆಲಸವೂ ನಡೆಯುವುದಿಲ್ಲ. ಎಂಜಿನ್ ಬ್ರೇಕ್ ಸಡಿಲವಾಗಿ ಕಾಲು ಬ್ರೇಕಿನ ಮೇಲೇ ಇರಬೇಕಾಗುತ್ತದೆ, ತಿರುವು ಮುಗಿಯುವಷ್ಟರಲ್ಲಿ ಬ್ರೇಕು ಕಾಯುತ್ತದೆ. ಸರಿಪಡಿಸುವ ತನಕ ಘಾಟಿಯನ್ನು ಕೆಳಗಿನ ಗೇರಿನಲ್ಲೇ ಇಳಿಯಿರಿ.

ಸೆನ್ಸರಿನ ಸ್ಕ್ರೂ ತೂತುಗಳನ್ನು ನೋಡಿ. ಉದ್ದನೆಯ ಸೀಳಿನಂತಿದ್ದರೆ ಹೊಂದಿಸಬಹುದು, ದುಂಡಗಿದ್ದರೆ ಹೊಂದಿಕೆಗೆ ಅವಕಾಶವೇ ಇಲ್ಲ. ತೂತನ್ನು ಅರದಿಂದ ಅಗಲ ಮಾಡುವ ಸಾಹಸ ಬೇಡ. ಮೊದಲು ಥ್ರಾಟಲ್ ಕ್ಲೀನರ್‌ನಿಂದ ಪ್ಲೇಟಿನ ಅಂಚಿನ ಮಸಿ ತೊಳೆಯಿರಿ, ಸ್ಪ್ರೇ ಸೆನ್ಸರಿನ ಕಡೆ ಹರಿಯದಿರಲಿ. ಕೇಬಲ್‌ಗೆ ಸ್ವಲ್ಪ ಸಡಿಲ ಇದೆಯೇ ನೋಡಿ. ಆಮೇಲೆ ಎರಡು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಮೀಟರ್ ನೋಡುತ್ತಾ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ, ಮ್ಯಾನುಯಲ್ ಹೇಳಿದ ಅಂಕಿಗೆ ತನ್ನಿ. ಬಿಗಿ ಮಾಡುವಾಗ ಅಂಕಿ ಸರಿಯುತ್ತದೆ, ಅದಕ್ಕೇ ಬಿಗಿದ ಮೇಲೆ ಮತ್ತೆ ಅಳೆಯಿರಿ. ಪ್ಲೇಟನ್ನು ಮೂರು ನಾಲ್ಕು ಸಲ ತೆರೆದು ಬಿಟ್ಟರೂ ಅದೇ ಅಂಕಿಗೆ ಮರಳಬೇಕು, 0.02 ವೋಲ್ಟ್ ಆಚೀಚೆ ಆದರೆ ಚಿಂತೆ ಇಲ್ಲ. ಬಾಡಿ ಅಲ್ಯೂಮಿನಿಯಂ, ಸ್ಕ್ರೂಗೆ ಮಣಿಕಟ್ಟಿನ ಬಲ ಸಾಕು.

ಮುಚ್ಚಿದಾಗ ಅಂಕಿ ಬಹಳ ಮೇಲಿದ್ದರೆ, ಅಥವಾ ಪ್ಲೇಟ್ ತೆರೆದರೂ ಬದಲಾಗದಿದ್ದರೆ ಜೋಡಣೆಯೇ ತಪ್ಪಿರಬಹುದು. ಸೆನ್ಸರ್ ಒಳಗಿನ ನಾಲಿಗೆ ಶಾಫ್ಟಿನ ಸರಿಯಾದ ಬದಿಗೆ ಕೂರಬೇಕು. ಸೆನ್ಸರನ್ನು ಸ್ವಲ್ಪ ಓರೆಯಾಗಿ ಇಟ್ಟು, ಸ್ಪ್ರಿಂಗ್ ಬಲದ ವಿರುದ್ಧ ತಿರುಗಿಸಿ ತೂತುಗಳಿಗೆ ತರಬೇಕು. ಅವಸರದಲ್ಲಿ ನೇರವಾಗಿ ಒತ್ತಿ ಕೂರಿಸಿದರೆ ನಾಲಿಗೆ ಮುರಿಯುವುದೂ ಉಂಟು.

ನಾಲ್ಕು ವೈರಿನ ಹಳೆಯ ಸೆನ್ಸರುಗಳಲ್ಲಿ ಐಡಲ್ ಸ್ವಿಚ್ ಬೇರೆಯೇ ಇರುತ್ತದೆ. ಕಪ್ಲರ್ ಕಳಚಿ, ಸ್ಟಾಪ್ ಸ್ಕ್ರೂಗೂ ಲಿವರಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಇಡಿ. ಮ್ಯಾನುಯಲ್ ಎರಡು ದಪ್ಪ ಕೊಟ್ಟಿರುತ್ತದೆ. ತೆಳುವಿನಲ್ಲಿ ಸ್ವಿಚ್ ಕೂಡಿರಬೇಕು, ದಪ್ಪದ್ದರಲ್ಲಿ ಬಿಡಬೇಕು.

ವೋಲ್ಟೇಜ್ ಸರಿಯಿದ್ದೂ ಐಡ್ಲಿಂಗ್ ಇಳಿಯದಿದ್ದರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ವ್ಯಾಕ್ಯೂಮ್ ಪೈಪು, ಗ್ಯಾಸ್ಕೆಟ್, ಐಡಲ್ ವಾಲ್ವ್ ನೋಡಿ.

ಪ್ರಶ್ನೆ: ಕಕ್ಕಡ ತಿಂಗಳ ಮಳೆಯಲ್ಲಿ ಮಾತ್ರ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಒಮ್ಮೆ ಪಿ0122, ಒಮ್ಮೆ ಪಿ0123 ತೋರಿಸುತ್ತದೆ.
– ಓದುಗರು, ವಿರಾಜಪೇಟೆ

ಉತ್ತರ: 0122 ಎಂದರೆ ಥ್ರಾಟಲ್ ಸೆನ್ಸರಿನ ಸಿಗ್ನಲ್ ತೀರಾ ಕಡಿಮೆ, 0123 ಎಂದರೆ ತೀರಾ ಹೆಚ್ಚು. 5 ವೋಲ್ಟ್ ವೈರಿನ ಸಂಪರ್ಕ ತಪ್ಪಿದರೆ ಮೊದಲನೆಯದು, ಅರ್ಥ್ ಸಂಪರ್ಕ ತಪ್ಪಿದರೆ ಎರಡನೆಯದು ಬರುತ್ತದೆ. ಎರಡೂ ಸರದಿಯಂತೆ ಬರುತ್ತಿದ್ದರೆ ಕಪ್ಲರಿನೊಳಗೆ ನೀರು ಹೋಗುತ್ತಿದೆ ಎಂದೇ ಶುರುಮಾಡಿ. ಬ್ಯಾಟರಿ ತೆಗೆದು, ಕಪ್ಲರ್ ಬಿಚ್ಚಿ, ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಸೀಲಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ, ಚಕ್ರದ ಗ್ರೀಸ್ ತುಂಬಬೇಡಿ. ಕಪ್ಲರಿಗೆ ಬರುವ ವೈರು ಒಂದು ಬಾಗು ಕೆಳಗಿಳಿದು ಮೇಲೆ ಬರುವಂತೆ ಕಟ್ಟಿದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಶೆಡ್ಡಿನಲ್ಲಿ ಇಲಿ ಇದ್ದರೆ ವೈರಿನ ಉದ್ದಕ್ಕೂ ಕೈಯಾಡಿಸಿ ನೋಡಿ.

ಪ್ರಶ್ನೆ: ಮಂಗಳೂರಿನಲ್ಲಿ ಚೆನ್ನಾಗಿ ಓಡುವ ಕಾರು ಮಡಿಕೇರಿಗೆ ಬಂದರೆ ಪಿಕಪ್ ಕಡಿಮೆ. ಥ್ರಾಟಲ್ ಸೆನ್ಸರ್ ಹೊಂದಿಸಬೇಕೇ? ಆಕ್ಸಿಲರೇಟರ್ ಕೇಬಲ್ ಇಲ್ಲದ ಕಾರು.
– ಓದುಗರು, ಕುಶಾಲನಗರ

ಉತ್ತರ: ಬೇಡ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 12–13 ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಪೆಟ್ರೋಲ್ ಪ್ರಮಾಣ ತಗ್ಗಿಸುವುದು ಗಾಳಿ ಅಳೆಯುವ ಬೇರೆ ಸೆನ್ಸರಿನ ಕೆಲಸ.

ಕೇಬಲ್ ಇಲ್ಲದ ಕಾರಿನ ಥ್ರಾಟಲ್ ಬಾಡಿಯೊಳಗೆ ಒಂದನ್ನೊಂದು ತಾಳೆ ನೋಡುವ ಎರಡು ಸೆನ್ಸರ್ ಇರುತ್ತವೆ, ಹೊಂದಿಸಲು ಸ್ಕ್ರೂ ಇರುವುದಿಲ್ಲ. ಎರಡೂ ತಾಳೆಯಾಗದಿದ್ದರೆ ಪಿ2135 ಕೋಡ್ ಬರುತ್ತದೆ. ಕಪ್ಲರ್, ವೈರು ಸರಿಯಿದ್ದೂ ಅದು ಹೋಗದಿದ್ದರೆ ಸಾಮಾನ್ಯವಾಗಿ ಪೂರ್ತಿ ಬಾಡಿಯನ್ನೇ ಬದಲಿಸಬೇಕು. ಕೀ ಆನ್ ಇದ್ದಾಗ ಪ್ಲೇಟಿನ ಬಳಿ ಬೆರಳಿಡಬೇಡಿ, ಮೋಟಾರ್ ಅದನ್ನು ತಟ್ಟನೆ ಮುಚ್ಚಬಹುದು.