ಓದುಗರ ಪ್ರಶ್ನೆ: ಮೊದಲ ಜೀವ ಹೇಗೆ ಬಂತು?

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ಯಾರೋ ಕಳಿಸಿದ ವಿಡಿಯೋ ನೋಡಿ, 'ಭೂಮಿ ಹುಟ್ಟಿ ಬರೀ ಆರು ಸಾವಿರ ವರ್ಷ ಆಗಿದೆಯಂತೆ, ಮೊದಲ ಜೀವ ಹೇಗೆ ಬಂತು ಅಂತ ವಿಜ್ಞಾನಿಗಳಿಗೇ ಗೊತ್ತಿಲ್ಲವಂತೆ, ಹಾಗಾದ್ರೆ ವಿಕಾಸವಾದ ಸುಳ್ಳು ಅಲ್ವಾ?' ಅಂತ ಕೇಳಿದ. ಏನು ಹೇಳಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಒಂದು ಭಾನುವಾರ ಅವನನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋಗಿ ಅಮ್ಮ. ಚಿತ್ರದುರ್ಗದಿಂದ ಸ್ವಲ್ಪ ದೂರ ಅಷ್ಟೆ. ಅಲ್ಲಿನ ಬಂಡೆ ನೋಡಿದರೆ ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಚೀಲ ಒಟ್ಟಿದ ಹಾಗಿದೆ, ಉಬ್ಬಿದ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ಕಾದ ಲಾವಾ ನೀರಿನಡಿ ಉಕ್ಕಿ, ಹೊರಮೈ ತಟ್ಟನೆ ಗಟ್ಟಿಯಾಗಿ, ಒಳಗಿನದು ಇನ್ನೂ ಹರಿಯುತ್ತಿದ್ದಾಗ ಈ ದಿಂಬಿನ ಆಕಾರ ಬರುತ್ತದೆ. ಅಂದರೆ ಶೇಂಗಾ ಬೆಳೆಯುವ ಈ ಒಣ ನೆಲ ಒಮ್ಮೆ ನೀರಿನ ತಳವಾಗಿತ್ತು! ವಯಸ್ಸು ಸುಮಾರು 250 ಕೋಟಿ ವರ್ಷ. ಚಿತ್ರದುರ್ಗ ಸುತ್ತಲಿನ ಹಳೆಯ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಅನ್ನುವ ಪದರಗಳೂ ಇವೆ, ಬರಿಗಣ್ಣಿಗೆ ಕಾಣದ ಜೀವಿಗಳು ಬಿಟ್ಟುಹೋದ ಗುರುತು ಅವು.

ವಯಸ್ಸನ್ನು ಸುಮ್ನೆ ಊಹಿಸಿದ್ದಲ್ಲ. ಕಲ್ಲಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ, ಅದರ ಮುಖ್ಯ ಬಗೆ ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಎಷ್ಟು ಸೀಸ ಆಗಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಆರು ಸಾವಿರದ ಲೆಕ್ಕ ಬಂದಿದ್ದು ಬೈಬಲ್ಲಿನ ವಂಶಾವಳಿ ಕೂಡಿದ್ದರಿಂದ. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಸೃಷ್ಟಿ ಆಗಿದ್ದು ಕ್ರಿ.ಪೂ. 4004ರಲ್ಲಿ ಅಂದರು. ನಮ್ಮ ಪುರಾಣದ ಕಲ್ಪ, ಅಂದರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ, ಭೂಮಿಯ ವಯಸ್ಸು 454 ಕೋಟಿ. ಹತ್ತಿರ ಇದೆ ಅಂತ ಕೆಲವರು ಬೀಗುತ್ತಾರೆ. ಆದರೆ ಅದೂ ಕಲ್ಲು ಅಳೆದು ಬಂದ ಸಂಖ್ಯೆಯಲ್ಲ.

ಇನ್ನು ಮೊದಲ ಜೀವದ ವಿಷಯ. ಅದು ಹೇಗೆ ಬಂತು ಅನ್ನೋದು ಒಂದು ಪ್ರಶ್ನೆ, ಬಂದ ಮೇಲೆ ಹೇಗೆ ಬದಲಾಯಿತು ಅನ್ನೋದು ಬೇರೆ. ದುರ್ಗದ ಕೋಟೆಗೆ ಮೊದಲ ಕಲ್ಲು ಇಟ್ಟವರ ಹೆಸರು ಗೊತ್ತಿಲ್ಲ ಅಂತ, ಅದು ಸುತ್ತು ಸುತ್ತಾಗಿ ಬೆಳೆದದ್ದು ಸುಳ್ಳಾಗುತ್ತಾ? ಡಾರ್ವಿನ್ ಹೇಳಿದ್ದು ಎರಡನೆಯದನ್ನ. ಮೊದಲನೆಯದರಲ್ಲೂ ವಿಜ್ಞಾನಿಗಳು ಕೈಕಟ್ಟಿ ಕೂತಿಲ್ಲ. 1953ರಲ್ಲಿ ಅಮೆರಿಕದ ಸ್ಟಾನ್ಲಿ ಮಿಲ್ಲರ್, ಆದಿಕಾಲದ ಭೂಮಿಯ ಗಾಳಿಯಲ್ಲಿ ಇದ್ದಿರಬಹುದು ಅಂದುಕೊಂಡಿದ್ದ ಮೀಥೇನ್, ಅಮೋನಿಯಾ, ಹೈಡ್ರೋಜನ್, ನೀರಾವಿಗೆ ವಿದ್ಯುತ್ ಕಿಡಿ ಹಾಯಿಸಿದಾಗ ಕೆಲವೇ ದಿನಗಳಲ್ಲಿ ಅಮೈನೋ ಆಮ್ಲ, ಅಂದರೆ ಜೀವಿಗಳ ಪ್ರೋಟೀನ್ ಕಟ್ಟುವ ಇಟ್ಟಿಗೆ, ಸಿಕ್ಕಿತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲೂ ಸಿಕ್ಕಿತು. ಇಟ್ಟಿಗೆ ಸಿಕ್ಕಿದೆ, ಮನೆ ಎದ್ದದ್ದು ಹೇಗೆ ಅಂತ ಹುಡುಕಾಟ ನಡೀತಿದೆ. 'ಗೊತ್ತಿಲ್ಲ' ಅಂತ ನಿಮ್ಮ ಮಗ ಧೈರ್ಯವಾಗಿ ಹೇಳಲಿ, ಆಮೇಲೆ ಓದಲಿ. ಗೊತ್ತಿಲ್ಲದ ಜಾಗದಲ್ಲೆಲ್ಲ ದೇವರನ್ನು ಕೂರಿಸಿದರೆ, ಗೊತ್ತಾದ ದಿನ ಎಬ್ಬಿಸಬೇಕಾಗುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ವಿಕಾಸವಾದ ಒಪ್ಪಿದರೆ ಪೂಜೆ ಬಿಡಬೇಕಾ?
– ಓದುಗರು, ಹೊಳಲ್ಕೆರೆ

ಉತ್ತರ: ಬೇಡ. ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಗ್ರೆಗರ್ ಮೆಂಡೆಲ್ ಕ್ರೈಸ್ತ ಮಠದ ಸನ್ಯಾಸಿ. ಇವತ್ತಿನ ವಿಕಾಸವಾದ ಅವರ ಲೆಕ್ಕದ ಮೇಲೂ ನಿಂತಿದೆ. ದುಗ್ಗಮ್ಮನ ಜಾತ್ರೆಗೆ ಬನ್ನಿ, ನಾನೂ ಪ್ರತಿ ಸಲ ಹೋಗುತ್ತೇನೆ.