ಶ್ರೀನಗರ ಇನ್ನೊಂದು ವರ್ಷಕ್ಕಿರಲಿ, ಈ ಸಲ ಏಳು ನದಿ ದಾಟಿ ಬನ್ನಿ

ಚಿಕ್ಕಬಳ್ಳಾಪುರದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ಮಗಳಿಗೆ 10 ವರ್ಷ, ಮಗನಿಗೆ 5. ಬರುವ ಮೇ ತಿಂಗಳಲ್ಲಿ ನಮ್ಮದೇ ಕಾರಿನಲ್ಲಿ ಶ್ರೀನಗರಕ್ಕೆ ಹೋಗಿ ಬರುವ ಆಸೆ. ಯಜಮಾನರಿಗೆ 16 ದಿನ ರಜೆ ಸಿಗುತ್ತದೆ. ದಾರಿಯುದ್ದಕ್ಕೂ ಡೇರೆ ಹಾಕಿ ಮಲಗಬೇಕು ಅಂತ ಮಕ್ಕಳ ಹಟ. 'ಮನೆ ಮಠ ಇಲ್ಲದವರ ಹಾಗೆ ಬಯಲಲ್ಲಿ ಮಲಗಬೇಕಾ' ಅಂತ ಅತ್ತೆಗೆ ಬೇಜಾರು. ಮಕ್ಕಳನ್ನು ಕಟ್ಟಿಕೊಂಡು ಇಷ್ಟು ದೂರ ಹೋಗಬಹುದಾ?

ಹೋಗಬಹುದು, ಖಂಡಿತ ಹೋಗಿ. ಆದರೆ ಮೇನಲ್ಲಿ ಬೇಡ, ಶ್ರೀನಗರಕ್ಕೂ ಬೇಡ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಊರ ಪಕ್ಕದಲ್ಲೇ ಹಾದುಹೋಗುವ ಹೆದ್ದಾರಿ 44 ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗುತ್ತದೆ. ದೇಶದ ಅತಿ ಉದ್ದದ ಹೆದ್ದಾರಿ ಇದೇ. ಹಳಬರು ಈಗಲೂ ಎನ್‌ಎಚ್ 7 ಅನ್ನುತ್ತಾರೆ. ಮನೆಯಿಂದ ಹೊರಟು ಈ ರಸ್ತೆಗೆ ಬಿದ್ದರೆ ತಿರುವು ಹುಡುಕುವ ಕಷ್ಟವೇ ಜಾಸ್ತಿ ಇಲ್ಲ. ಹಾಗಾಗಿ ಆಸೆ ಸಹಜ. ಆದರೆ ಹೋಗಿ ಬರಲು ಹತ್ತಿರ ಹತ್ತಿರ 6,000 ಕಿ.ಮೀ. ಆಗುತ್ತದೆ. 16 ದಿನಕ್ಕೆ ಹಂಚಿದರೆ ದಿನಕ್ಕೆ 375, ಅದೂ ಒಂದು ದಿನವೂ ನಿಲ್ಲದೆ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. 5 ವರ್ಷದ ಮಗುವಿಗೆ ಅದು ಪ್ರವಾಸವಲ್ಲ, ಬೆಲ್ಟು ಕಟ್ಟಿ ಕೂರಿಸಿದ ಶಿಕ್ಷೆ.

ಈ ಮಾತು ನಾನು ಅನುಭವಿಸಿಯೇ ಹೇಳುತ್ತಿರುವುದು. 2017ರ ದಸರಾದಲ್ಲಿ ನಾವೂ ಇದೇ ದಾರಿಯಲ್ಲಿ ಹೋಗಿದ್ದೆವು. ನನ್ನ ಮಗಳಿಗೆ ಆಗ 9, ಮಗನಿಗೆ 6. ಹೈದರಾಬಾದ್ ದಾಟಿದ ಮೇಲೆ ರಸ್ತೆ ಚೆನ್ನಾಗಿದೆಯಲ್ಲ ಅಂತ ಒಂದೇ ದಿನ 480 ಕಿ.ಮೀ. ಓಡಿಸಿದೆ. ನಾಗಪುರದ ಈಚೆಗೆ, ಮೊದಲೇ ಮಾತಾಡಿಕೊಂಡಿದ್ದ ಒಂದು ಹೊಲದ ಮನೆಗೆ ತಲುಪಿದಾಗ ರಾತ್ರಿ ಎಂಟು. ಕಾರಿನ ದೀಪದ ಬೆಳಕಲ್ಲಿ ಡೇರೆಯ ಗೂಟ ಹೊಡೆದೆ. ಅದು ಎರೆಮಣ್ಣು. ಹಿಂದಿನ ದಿನ ಮಳೆ ಬಂದಿತ್ತು. ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಗೂಟ ಸಲೀಸಾಗಿ ಇಳಿಯಿತು. ರಾತ್ರಿ ಎರಡು ಗಂಟೆಗೆ ಗಾಳಿ ಬೀಸಿದಾಗ ಅಷ್ಟೇ ಸಲೀಸಾಗಿ ಕಿತ್ತುಕೊಂಡು ಬಂತು. ಒದ್ದೆ ಬಟ್ಟೆ ಮುಖದ ಮೇಲೆ ಬಿದ್ದು ಮಗ ಕಿರುಚಿಕೊಂಡ. ಅವನು ಊಟವನ್ನೂ ಮಾಡಿರಲಿಲ್ಲ, ಕಾರಲ್ಲೇ ನಿದ್ದೆ ಹೋಗಿದ್ದ. ಆ ಮನೆಯ ಅಜ್ಜಿ ಎದ್ದು ಬಂದು ಜಗಲಿಯಲ್ಲಿ ಚಾಪೆ ಹಾಸಿಕೊಟ್ಟರು, ಆ ಹೊತ್ತಿನಲ್ಲಿ ಹಾಲು ಕಾಯಿಸಿದರು. ತಪ್ಪು ಪೂರ್ತಿ ನನ್ನದು. ಮಾರನೆ ದಿನದಿಂದ ಸಂಜೆ ನಾಲ್ಕು ಗಂಟೆಗೆ ಕಾರು ನಿಲ್ಲಿಸುವುದು ಅಂತ ತೀರ್ಮಾನ ಮಾಡಿದೆವು. ಎಲ್ಲೇ ಇರಲಿ, ನಾಲ್ಕಕ್ಕೆ ನಿಲ್ಲಬೇಕು.

ನೀವು ನನ್ನಿಂದ ಒಂದೇ ಮಾತು ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಆರಕ್ಕೆ ಹೊರಡಿ, ನಾಲ್ಕಕ್ಕೆ ನಿಲ್ಲಿಸಿ. ದಿನಕ್ಕೆ 300 ಕಿ.ಮೀ. ಸಾಕು. ಕತ್ತಲಾಗುವ ಮುಂಚಿನ ಆ ಎರಡು ಗಂಟೆ ಮಕ್ಕಳದ್ದು. ಗೂಟ ಅವರು ಹೊಡೆಯಲಿ, ಬಾವಿ ಕಟ್ಟೆ ನೋಡಲಿ, ಆ ಊರಿನ ಮಕ್ಕಳ ಜೊತೆ ಭಾಷೆ ಬಾರದೆ ಆಡಲಿ. ನನ್ನ ಮಕ್ಕಳು ಇವತ್ತಿಗೂ ನೆನಪಿಸಿಕೊಳ್ಳುವುದೆಲ್ಲ ಆ ಎರಡು ಗಂಟೆಯದ್ದೇ.

ಇನ್ನು ತಿಂಗಳು. ಮೇನಲ್ಲಿ ನಾಗಪುರದ ಕಡೆ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಝಾನ್ಸಿ, ಗ್ವಾಲಿಯರ್ ಕಡೆಯೂ ಅದೇ ಕತೆ. ಆಗ ಡೇರೆಯೊಳಗೆ ಮಲಗುವುದು ಇಡ್ಲಿ ಪಾತ್ರೆಯೊಳಗೆ ಮಲಗಿದ ಹಾಗೆ. ಅದಕ್ಕೇ ದಸರಾ ರಜೆಯಲ್ಲಿ ಹೋಗಿ. ಮಳೆ ಮುಗಿದು ಹೊಲ ಹಸಿರಾಗಿರುತ್ತದೆ. ಮಧ್ಯಪ್ರದೇಶದ ಹುಲಿ ಕಾಡುಗಳೂ ಅಕ್ಟೋಬರ್ 1ಕ್ಕೆ ಬಾಗಿಲು ತೆರೆಯುತ್ತವೆ. ಶ್ರೀನಗರವನ್ನು ಇನ್ನೊಂದು ವರ್ಷ ರೈಲಿನಲ್ಲಿ ನೋಡಬಹುದು. 2025ರ ಜೂನ್‌ನಿಂದ ಜಮ್ಮು ಬಳಿಯ ಕಟ್ರಾದಿಂದ ಅಲ್ಲಿಗೆ ರೈಲೂ ಓಡುತ್ತಿದೆ.

ಹಾಗಾದರೆ ಎಲ್ಲಿಯವರೆಗೆ? ಗ್ವಾಲಿಯರ್ ದಾಟಿದ ಮೇಲೆ ಸಿಗುವ ಚಂಬಲ್ ನದಿಯವರೆಗೆ. ನಿಮ್ಮೂರಿಂದ ಸುಮಾರು 1,800 ಕಿ.ಮೀ. ಹೋಗಲು ಆರು ದಿನ, ಬರಲು ಆರು ದಿನ. ಮಿಕ್ಕ ನಾಲ್ಕು ದಿನದಲ್ಲಿ ಪೆಂಚ್ ಹುಲಿ ಕಾಡಿನ ಹತ್ತಿರ ಎರಡು, ಝಾನ್ಸಿ ಪಕ್ಕದ ಓರ್ಛಾದಲ್ಲಿ ಎರಡು ದಿನ ಸುಮ್ನೆ ಇದ್ದುಬಿಡಿ.

ಚಂಬಲ್ ಯಾಕೆ ಅಂದರೆ, ಅಷ್ಟರಲ್ಲಿ ಮಕ್ಕಳು ಚಂಬಲ್ ಸೇರಿ ಏಳಾದರೂ ದೊಡ್ಡ ನದಿ ದಾಟಿರುತ್ತಾರೆ. ನನ್ನ ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟಿದ್ದೆವು. ಪ್ರತಿ ಸೇತುವೆ ಬಂದಾಗ ನದಿಯ ಹೆಸರು ಬರೆದು, ನೀರು ಯಾವ ಕಡೆ ಹೋಗುತ್ತದೆ ಅಂತ ಬಾಣದ ಗುರುತು ಹಾಕುವುದು ಅವಳ ಕೆಲಸ. ಪಾಮಿಡಿಯಲ್ಲಿ ಪೆನ್ನಾ. ಕರ್ನೂಲಿನಲ್ಲಿ ತುಂಗಭದ್ರೆ, ಅಂದರೆ ಹೊಸಪೇಟೆ ಅಣೆಕಟ್ಟು ದಾಟಿ ಬಂದ ನಮ್ಮದೇ ನೀರು. ಬೀಚುಪಲ್ಲಿಯಲ್ಲಿ ಕೃಷ್ಣೆ, ಅದೂ ಆಲಮಟ್ಟಿ, ರಾಯಚೂರು ಕಂಡು ಬಂದದ್ದೇ. ನಿರ್ಮಲ್‌ಗೆ ಮುಂಚೆ ಗೋದಾವರಿ. ಮಹಾರಾಷ್ಟ್ರದ ಗಡಿಯಲ್ಲಿ ಪೈನ್‌ಗಂಗಾ. ನಾವು ಉತ್ತರಕ್ಕೆ ಹೋಗುತ್ತಿದ್ದರೆ ಈ ಐದೂ ನದಿ ಎಡದಿಂದ ಬಲಕ್ಕೆ, ಪೂರ್ವದ ಕಡಲಿನ ಕಡೆಗೆ ಹರಿಯುತ್ತವೆ. ನೋಟ್‌ಬುಕ್ಕಿನಲ್ಲಿ ಐದು ಬಾಣ, ಐದೂ ಒಂದೇ ಕಡೆಗೆ.

ಆಮೇಲೆ ಬರ್ಮಾನ್ ಹತ್ತಿರ ನರ್ಮದೆ ಬಂತು. ಅವಳು ಬಲಕ್ಕೆ ಬಾಣ ಹಾಕಿ, ಕೆಳಗೆ ನೋಡಿ, ರಬ್ಬರಿನಿಂದ ಅಳಿಸಿದಳು. ಮತ್ತೆ ಹಾಕಿದಳು, ಮತ್ತೆ ಅಳಿಸಿದಳು. ಹಾಳೆ ತೂತಾಯಿತು. 'ಅಪ್ಪಾ, ಈ ನದಿ ಉಲ್ಟಾ ಹೋಗ್ತಿದೆ!' ಕಾರು ನಿಲ್ಲಿಸಲೇಬೇಕಾಯಿತು. ಘಾಟ್‌ಗೆ ಇಳಿದು ಜಗಳವಾಡುತ್ತಾ ಅಕ್ಕ ತಮ್ಮ ಇಬ್ಬರೂ ಎರಡು ಅರಳಿ ಎಲೆ ನೀರಿಗೆ ಬಿಟ್ಟರು. ಎಲೆಗಳು ಸೂರ್ಯ ಮುಳುಗುವ ಕಡೆಗೆ ತೇಲಿಹೋದವು. ನರ್ಮದೆ ಅರಬ್ಬಿ ಸಮುದ್ರಕ್ಕೆ ಹೋಗುತ್ತಾಳೆ ಅಂತ ಶಾಲೆಯಲ್ಲಿ ಓದಿದ್ದು ಅವತ್ತು ಅವರ ಕಣ್ಣಿಗೇ ಕಂಡಿತು.

ಪೆಂಚ್ ಬಳಿಯೂ ಒಂದು ವಿಷಯ ತೋರಿಸಿ. ಮಹಾರಾಷ್ಟ್ರದ ಕಡೆ ಕಾಡಿನ ನಡುವೆ ಈ ರಸ್ತೆಯನ್ನೇ ಎತ್ತರಿಸಿ, ಪ್ರಾಣಿಗಳು ಅಡಿಯಿಂದ ದಾಟಲಿ ಅಂತ ಒಂಬತ್ತು ಕಡೆ ದಾರಿ ಬಿಟ್ಟಿದ್ದಾರೆ. ಅತಿ ದೊಡ್ಡದು 750 ಮೀಟರ್. ಹುಲಿಗಳು ಅಲ್ಲಿ ದಾಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ಚಂಬಲ್‌ನಲ್ಲಿ ಘರಿಯಾಲ್ ಇದೆ. ಸೌಟಿನ ಹಿಡಿಯಂಥ ಉದ್ದನೆಯ ತೆಳು ಮೂತಿಯ ಮೊಸಳೆ ಅದು. ನಿಮ್ಮ ಮಗ ಮರೆಯುವುದಿಲ್ಲ.

ಡೇರೆ ವಿಷಯಕ್ಕೆ ಬರುತ್ತೇನೆ. ಪ್ರತಿ ರಾತ್ರಿ ಬೇಡ. 16 ದಿನದಲ್ಲಿ ನಾಲ್ಕೈದು ರಾತ್ರಿ ಸಾಕು, ಮಿಕ್ಕಿದ್ದಕ್ಕೆ ರೂಮು ತೆಗೆದುಕೊಳ್ಳಿ. ಹೆದ್ದಾರಿ ಬದಿ, ಡಾಬಾ ಅಂಗಳ, ನದಿಯ ಮರಳು, ಕಾಡಿನ ಅಂಚು, ಎಲ್ಲೂ ಹಾಕಬೇಡಿ. ಹೋಮ್‌ಸ್ಟೇ ಅಂಗಳದಲ್ಲೋ ತೋಟದ ಮನೆಯಲ್ಲೋ ಮೊದಲೇ ಫೋನ್ ಮಾಡಿ ಕೇಳಿ, ಶೌಚಾಲಯ ಹತ್ತಿರ ಇದೆಯಾ ಅಂತ ವಿಚಾರಿಸಿ. ಎಷ್ಟೇ ಚಳಿಯಾದರೂ ಸ್ಟವ್, ಕೆಂಡ ಡೇರೆಯೊಳಗೆ ಬೇಡ. ಅದರಿಂದ ಬರುವ ಅನಿಲಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಕಾರಿನಲ್ಲಿ ಮಗನಿಗೆ ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಹಾಕಿಸಿ. ತೊಡೆ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಅಂಥ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ ಅಂತ ಕಾನೂನೇ ಇದೆ. ದಂಡಕ್ಕಿಂತ ಮಗು ಮುಖ್ಯ, ಅಲ್ವಾ? ಗಾಡಿ ಕೆಟ್ಟರೆ ಹೆದ್ದಾರಿ ಸಹಾಯವಾಣಿ 1033, ಬೇರೆ ಯಾವ ತುರ್ತಿಗೂ 112. ತಿಂಡಿಗೆ ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಅವಲಕ್ಕಿ ಇದ್ದರೆ ಯಾವ ಊರಲ್ಲೂ ಮಕ್ಕಳು ಉಪವಾಸ ಬೀಳುವುದಿಲ್ಲ.

ಅತ್ತೆಯವರ ಬೇಜಾರನ್ನು ತಳ್ಳಿಹಾಕಬೇಡಿ. ಅವರ ಭಯ ಮೊಮ್ಮಕ್ಕಳ ಮೇಲಿನ ಪ್ರೀತಿಯದ್ದು. ಒಂದು ಸಂಜೆ ಪಕ್ಕದಲ್ಲಿ ಕೂತು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬಗ್ಗೆ ಕೇಳಿ ನೋಡಿ. ಹೋರಿ ಕಟ್ಟಿಕೊಂಡು ಹೋದವರು ಅಲ್ಲೇ ಒಲೆ ಹೂಡಿ, ಗಾಡಿಯ ಅಡಿ ಹುಲ್ಲು ಹಾಸಿ ದಿನಗಟ್ಟಲೆ ಇರುತ್ತಿದ್ದರು. ಅವರ ತವರಿನವರೋ ಪಕ್ಕದ ಮನೆಯವರೋ ಹಾಗೆ ಹೋದ ನೆನಪು ಅವರಿಗೂ ಇದ್ದೀತು. ಆಮೇಲೆ ನಿಮ್ಮ ಮಹಡಿ ಮೇಲೆ ಒಂದು ಶನಿವಾರ ರಾತ್ರಿ ಡೇರೆ ಹಾಕಿ ಎಲ್ಲರೂ ಮಲಗಿ. ಗೂಟದ ಬದಲು ನೀರು ತುಂಬಿದ ಕ್ಯಾನು ಕಟ್ಟಿ. ಏನೇನು ಮರೆತಿದ್ದೀರಿ ಅನ್ನುವುದು ಆ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ಹೊರಡುವ ಹಿಂದಿನ ಭಾನುವಾರ ಮಗಳನ್ನು ನಂದಿ ಬೆಟ್ಟದ ಕಡೆ ಕರೆದುಕೊಂಡು ಹೋಗಿ. ಪಾಮಿಡಿಯಲ್ಲಿ ಅವಳು ದಾಟಲಿರುವ ಪೆನ್ನಾ ಹುಟ್ಟುವುದು ನಿಮ್ಮ ಆ ಬೆಟ್ಟಸಾಲಿನಲ್ಲೇ. ನಾವು ಉತ್ತರ ಪಿನಾಕಿನಿ ಅನ್ನುವುದು ಅದನ್ನೇ. ನೋಟ್‌ಬುಕ್ಕಿನ ಮೊದಲ ಪುಟವನ್ನು ಅವಳು ಅಲ್ಲಿ ಕೂತು ಬರೆಯಲಿ. ಬಂದ ಮೇಲೆ ಆ ಪುಟಗಳ ಫೋಟೋ ನಮಗೂ ಕಳಿಸಿಕೊಡಿ.

– ಸಂಪಾದಕ